ವಿಎಂಸ್ಟ್ಯಾಟ್‌ನಲ್ಲಿ ಸದಾ ಒಂದೇ ಅಂಕಿ ಏಕೆ?
ಲಿನಕ್ಸ್ ಯಂತ್ರದ ಸಿಪಿಯು, ಮೆಮೊರಿ, ಡಿಸ್ಕ್ ಸ್ಥಿತಿ ತೋರಿಸುವ ಆಜ್ಞೆಯೇ ವಿಎಂಸ್ಟ್ಯಾಟ್ (vmstat). ಅದನ್ನು ಕ್ರಾನ್ (ನಿಗದಿತ ಸಮಯಕ್ಕೆ ಆಜ್ಞೆಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಮೂಲಕ ದಾಖಲಿಸುತ್ತಿದ್ದೀರಿ, ಆದರೆ ಸರ್ವರ್ ತೆವಳುತ್ತಿದ್ದರೂ ಸಿಪಿಯು ಸದಾ 91% ಖಾಲಿ ಎಂದೇ ಬರುತ್ತಿದೆ ಎಂಬುದು ನಿಮ್ಮ ಪ್ರಶ್ನೆ. ಇದಕ್ಕೆ ಬಹುತೇಕ ವಿಎಂಸ್ಟ್ಯಾಟ್‌ನ ಮೊದಲ ಸಾಲೇ ಕಾರಣ. ಅದರ ಸಿಪಿಯು, ಡಿಸ್ಕ್ ಅಂಕಿಗಳು ಈ ಕ್ಷಣದವಲ್ಲ. ಯಂತ್ರ ಬೂಟ್ ಆದಂದಿನಿಂದ ಇಂದಿನವರೆಗಿನ ಸರಾಸರಿ. ತಿಂಗಳುಗಟ್ಟಲೆ ಓಡಿದ ಯಂತ್ರದಲ್ಲಿ ಅದು ಅಲುಗಾಡುವುದೇ ಇಲ್ಲ. ಮೆಮೊರಿ ಅಂಕಿ ಮಾತ್ರ ಈಗಿನದೇ ಆಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಕ್ರಾನ್‌ನಲ್ಲಿ ಬರಿಯ ವಿಎಂಸ್ಟ್ಯಾಟ್ ಬದಲು ‘ವಿಎಂಸ್ಟ್ಯಾಟ್ 5 2’ ಎಂದು ಕೊಡಿ. ಐದು ಸೆಕೆಂಡಿನ ಅಂತರದಲ್ಲಿ ಎರಡು ಸಾಲು ಬರುತ್ತವೆ. ಕೊನೆಯ ಸಾಲುಗಳನ್ನು ತೋರಿಸುವ ಟೇಲ್ (tail) ಆಜ್ಞೆ ಬಳಸಿ ಕೊನೆಯದನ್ನಷ್ಟೇ ಉಳಿಸಿಕೊಳ್ಳಿ. ಡಿಸ್ಕ್ ಬಳಕೆ ತೋರಿಸುವ ಐಓಸ್ಟ್ಯಾಟ್ (iostat) ಆಜ್ಞೆಯಲ್ಲೂ ಇದೇ ಕಥೆ, ಅಲ್ಲಿ ‘-ವೈ’ (-y) ಆಯ್ಕೆ ಮೊದಲ ವರದಿಯನ್ನು ಬಿಟ್ಟುಬಿಡುತ್ತದೆ.

ಬಳಿಕ ವಿಎಂಸ್ಟ್ಯಾಟ್‌ನ ‘ಡಬ್ಲ್ಯೂಎ’ (wa) ಅಂಕಣ ನೋಡಿ, ಅದು ಡಿಸ್ಕ್‌ನಂಥ ಸಾಧನಕ್ಕಾಗಿ ಸಿಪಿಯು ಕಾಯುತ್ತ ಖಾಲಿ ಕುಳಿತ ಸಮಯದ ಪಾಲು. ಅದು ಏರಿದ್ದರೆ ಡಿಸ್ಕ್ ಮೇಲೆ ನನ್ನ ಗುಮಾನಿ, ಖಚಿತವಲ್ಲ. ವರ್ಚುವಲ್ ಯಂತ್ರವಾದರೆ ‘ಎಸ್‌ಟಿ’ಯನ್ನೂ (st, ಅಂದರೆ ನಿಮ್ಮ ಯಂತ್ರಕ್ಕೆ ಸಿಗದೆ ಬೇರೆಡೆ ಹೋದ ಸಿಪಿಯು ಸಮಯ) ಗಮನಿಸಿ.