ತಾಯಿಗೆ ಸಾಕು, ಮಗಳಿಗೆ ಸಾಲದು

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಯಿಗೆ 67 ವರ್ಷ. ಪತಿ ತೀರಿಕೊಂಡ ಮೇಲೆ ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಒಬ್ಬರೇ ಇದ್ದಾರೆ. ಇರುವ ಒಬ್ಬ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಆಪ್ತಸಲಹೆಗೆಂದು ನನ್ನ ಬಳಿ ಕರೆತಂದದ್ದು ಮಗಳೇ. "ಅಮ್ಮನಿಗೆ ಖಿನ್ನತೆ ಇರಬೇಕು ಮೇಡಂ. ಏನು ಕೊಟ್ಟರೂ ಬೇಡ ಎನ್ನುತ್ತಾರೆ. ಕೊಡಿಸಿದ ಫ್ರಿಡ್ಜನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು."

ತಾಯಿಯ ಜೊತೆ ಬೇರೆಯಾಗಿ ಮಾತನಾಡಿದೆ. ನಿದ್ದೆ, ಹಸಿವು, ಜನರ ಒಡನಾಟ ಎಲ್ಲವನ್ನೂ ವಿಚಾರಿಸಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಬೆಳಿಗ್ಗೆ ಅಂಗಡಿಯಿಂದ ಸೇವಂತಿಗೆ, ಕನಕಾಂಬರ ತಂದು ಕಟ್ಟಿಕೊಡುತ್ತಾರೆ. ಮಾರಿಗೆ ಇಷ್ಟು ಎಂದು ಕೂಲಿ. ಅದರ ಮೇಲೆ ಪಡಿತರದ ಅಕ್ಕಿ, ಗೃಹಲಕ್ಷ್ಮಿಯ 2,000 ರೂಪಾಯಿ, ಹಿತ್ತಲಿನ ನುಗ್ಗೆ, ಕರಿಬೇವು. ಮಧ್ಯಾಹ್ನದ ಹುರುಳಿಕಾಳಿನ ಬಸ್ಸಾರು ರಾತ್ರಿಯ ಮುದ್ದೆಗೆ ಮುಗಿಯುತ್ತದೆ, ಫ್ರಿಡ್ಜಿನಲ್ಲಿ ಏನಿಡಲಿ ಎಂದು ನನ್ನನ್ನೇ ಕೇಳಿದರು. ನಾನೇನು ಹೇಳಲಿ!

ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು ವಾಪಸು ಬಂದವರು ಇವರು. "ಅಳಿಯಂದಿರು ಒಳ್ಳೆಯವರು. ಆದರೆ ಅಲ್ಲಿ ಮಂಗಳಾರತಿ ತಟ್ಟೆಗೆ ಹತ್ತು ರೂಪಾಯಿ ಹಾಕಬೇಕಾದರೂ ಕೇಳಿ ಪಡೆಯಬೇಕು ಮೇಡಂ." ಮಗಳು ಎಂದೂ ಇಲ್ಲ ಎಂದಿರಲಾರರು. ಜೀವನವಿಡೀ ದುಡಿದು ತಿಂದವರಿಗೆ ಕೇಳುವುದೇ ಕಷ್ಟ.

ಮಾತು ಇಲ್ಲಿಗೇ ನಿಂತಿದ್ದರೆ ಮಗಳಿಗೆ ಸಮಾಧಾನ ಹೇಳಿ ಕಳುಹಿಸುತ್ತಿದ್ದೆನೇನೋ. ಔಷಧಿಯ ವಿಷಯ ಎತ್ತಿದಾಗ, ದಿನಕ್ಕೊಂದರಂತೆ ನುಂಗಬೇಕಾದ ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿರುವುದು ಗೊತ್ತಾಯಿತು. ಬಡವರ ಸಂತೃಪ್ತಿಯನ್ನು ಹಾಡಿ ಹೊಗಳುವವರ ಮೇಲೆ ನನಗೆ ಸಿಟ್ಟು ಬರುವುದು ಇಂಥ ಕಡೆಯೇ. ಫ್ರಿಡ್ಜ್ ಬೇಡವೆಂದದ್ದು ಮನಸ್ಸಿನಿಂದ. ಮಾತ್ರೆ ಬಿಟ್ಟದ್ದು ಕಾಸಿಲ್ಲದೆ. ಎರಡಕ್ಕೂ ಅವರು ಕೊಟ್ಟ ಕಾರಣ ಮಾತ್ರ ಒಂದೇ: "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ?"

"ಸರ್ಕಾರಿ ಆಸ್ಪತ್ರೆಯ ಮಾತ್ರೆಯೂ ನಿಮ್ಮ ಹಾಸಿಗೆಯೇ ಅಮ್ಮ. ನೀವು ಮಡಿಸಿಟ್ಟಿದ್ದೀರಿ" ಎಂದೆ. ನಕ್ಕರು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡಿಸಿಕೊಂಡು ಅಲ್ಲಿಯೇ ಉಚಿತವಾಗಿ ಮಾತ್ರೆ ಪಡೆಯಲು, ವೈದ್ಯರನ್ನು ಕೇಳದೆ ಒಂದನ್ನೂ ಬಿಡದಿರಲು ಹೇಳಿದೆ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ಆದಾಯದ ಮಿತಿಯುಂಟು, ನಾಡಕಚೇರಿಯಲ್ಲಿ ವಿಚಾರಿಸಬೇಕು. ಇದು ಅವರಿಗೆ ಗೊತ್ತಿತ್ತು. ಅರ್ಜಿ ಹಾಕಿದರೆ ಮಗಳು ನೋಡಿಕೊಳ್ಳುತ್ತಿಲ್ಲವೆಂದು ಊರವರು ಆಡಿಕೊಳ್ಳುತ್ತಾರೆ ಎಂದು ಸುಮ್ಮನಿದ್ದರು. ಆದ್ದರಿಂದ "ಹಾಕಮ್ಮ" ಎಂಬ ಮಾತು ಮಗಳ ಬಾಯಿಂದಲೇ ಬರಲಿ ಎಂದೆ.

ಮಗಳಿಗೆ ಹೇಳಿದ್ದು ಇನ್ನಷ್ಟು ಕಷ್ಟದ್ದು. ಸಾಮಾನು ಕೊಡಿಸುವುದನ್ನು ನಿಲ್ಲಿಸಿ. ಪ್ರತಿ ತಿಂಗಳು ಒಂದೇ ತಾರೀಖಿಗೆ, ಚಿಕ್ಕದಾದರೂ ಒಂದೇ ಮೊತ್ತವನ್ನು ಅಮ್ಮನ ಖಾತೆಗೆ ಹಾಕಿ. ಯಾವುದಕ್ಕೆ ಖರ್ಚಾಯಿತೆಂದು ಕೇಳಬೇಡಿ. ಹೂವಿನ ಕೆಲಸ ಬಿಡಿಸಬೇಡಿ. ಊರಿಗೆ ನೀವೇ ಹೋಗಿ ಎರಡು ದಿನ ಇದ್ದು ಬನ್ನಿ. ಫೋನಿನಲ್ಲಿ ಊಟವಾಯಿತೇ ಎಂದು ಕೇಳುವುದರ ಜೊತೆಗೆ ಈ ತಿಂಗಳು ಬಿ.ಪಿ. ಎಷ್ಟಿತ್ತು ಎಂದೂ ಕೇಳಿ.

ಎರಡನೇ ಭೇಟಿಯ ಹೊತ್ತಿಗೆ ಮಾತ್ರೆ ದಿನವೂ ನಡೆಯುತ್ತಿತ್ತು, ಪಿಂಚಣಿಯ ಅರ್ಜಿ ಪರಿಶೀಲನೆಯಲ್ಲಿತ್ತು. ಮಗಳ ಹಣವನ್ನು ತಾಯಿ ಒಪ್ಪಿಕೊಂಡಿದ್ದರು. ಆದರೆ "ನೆಂಟರು ನನ್ನನ್ನು ಏನೆಂದುಕೊಳ್ಳುತ್ತಾರೆ ಮೇಡಂ?" ಎಂಬ ಮಗಳ ಕೊರಗು ಹಾಗೆಯೇ ಉಳಿದಿದೆ. ಮುಂದಿನ ಭೇಟಿಗೆ ಅವರೊಬ್ಬರನ್ನೇ ಬರಹೇಳಿದ್ದೇನೆ.