ಮಳೆಗೆ ಸಿಕ್ಕ ಜೋಳಕ್ಕೆ ಯೂರಿಯಾ ಬೆರೆಸಿ ಇಡಬಹುದಾ?

ನಮಸ್ಕಾರ ರೀ. ಮುಂಗಾರಿ ಜೋಳ ಮಳೆಗೆ ಸಿಕ್ಕಿದೆ, ಯೂರಿಯಾ ಬೆರೆಸಿ ಮುಚ್ಚಿಟ್ಟರೆ ಕೆಡೋದಿಲ್ಲ, ದನಕ್ಕೂ ಪ್ರೋಟೀನ್ ಜಾಸ್ತಿ ಆಗುತ್ತದೆ ಅಂತ ವಿಡಿಯೊದಲ್ಲಿ ನೋಡಿದೆ, ನಿಜವೇ ಅಂತ ಕೇಳಿದ್ದೀರಿ. ನಾನು ಭಾಲ್ಕಿ ಕಡೆಯವನು, ಮನೆಯಲ್ಲಿ ದೇವಣಿ ದನಗಳಿವೆ. ಕಾಳಿಗೆ ಬೇಡ, ಕಣಿಕೆಗೆ (ಜೋಳದ ಒಣ ದಂಟಿಗೆ) ಮಾಡಿ ಅನ್ನೋದೇ ನನ್ನ ಉತ್ತರ.

ವಿಡಿಯೊದಲ್ಲಿ ಹೇಳಿದ್ದು ಸುಳ್ಳಲ್ಲ. ಇಂಗ್ಲೆಂಡ್ ಕಡೆ ಗೋಧಿ, ಬಾರ್ಲಿ ಕೊಯ್ಯುವಾಗ ಕಾಳಿನಲ್ಲಿ ಶೇ. 16ರಿಂದ 20ರಷ್ಟು ತೇವ ಇರುತ್ತದೆ. ಅಲ್ಲಿ ಬಿಸಿಲು ಸಾಲದು, ಯಂತ್ರದಲ್ಲಿ ಒಣಗಿಸಿದರೆ ಖರ್ಚು. ಅದಕ್ಕೆ ಹಸಿ ಕಾಳಿಗೆ ಯೂರಿಯಾ, ಜೊತೆಗೆ ಯೂರಿಯೇಸ್ ಎಂಬ ಕಿಣ್ವ ಬೆರೆಸಿ ಗಾಳಿಯಾಡದಂತೆ ಮುಚ್ಚುತ್ತಾರೆ. ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಅದು ಬೂಷ್ಟನ್ನು ತಡೆಯುತ್ತದೆ, ದನದ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದರಿಂದ ಪ್ರೋಟೀನ್ ಮಾಡಿಕೊಳ್ಳುತ್ತವೆ.

ಈ ಕೆಲಸ ನಡೆಯಬೇಕಾದರೆ ತೇವ ಬೇಕೇ ಬೇಕು. ಮಳೆಗೆ ಸಿಕ್ಕ ಜೋಳದಲ್ಲಿ ತೇವ ಒಂದೇ ಸಮ ಇರೋದಿಲ್ಲ, ಅಲ್ವಾ? ರಾಶಿಯ ಒಂದು ಕಡೆ ಹಸಿ, ಇನ್ನೊಂದು ಕಡೆ ಒಣ. ಒಣ ಕಾಳಿನ ಮೇಲೆ ಯೂರಿಯಾ ಒಡೆಯದೆ ಹಾಗೇ ಕೂರುತ್ತದೆ. ದನ ಅದನ್ನು ತಿಂದರೆ ಅಮೋನಿಯಾ ಹೊಟ್ಟೆಯೊಳಗೆ ಒಮ್ಮೆಲೆ ಏರಿ ವಿಷವಾಗುತ್ತದೆ. ಯೂರಿಯಾ ತಾಗಿದ ಜೋಳ ರೊಟ್ಟಿಗೂ ಬರೋದಿಲ್ಲ, ಬಿತ್ತನೆಗೂ ಬರೋದಿಲ್ಲ. ನಮ್ಮಲ್ಲಿ ಬಿಸಿಲಿಗೇನು ಬರ?

ಮಳೆ ಬಿಡುವು ಕೊಟ್ಟ ಕೂಡಲೇ ತಾಡಪತ್ರಿ ಮೇಲೆ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ. ತೇವ ಶೇ. 12ಕ್ಕೆ ಇಳಿಯಬೇಕು. ಕಾಳು ಕಚ್ಚಿ ನೋಡಿ: ಕಟ್ ಅಂತ ಒಡೆದರೆ ಚೀಲ ತುಂಬಿ, ಹಲ್ಲಿಗೆ ಮೆತ್ತಗೆ ಹತ್ತಿದರೆ ಇನ್ನೊಂದು ಬಿಸಿಲು ಬೇಕು. ಬೂಷ್ಟು ಹಿಡಿದ ಕಾಳನ್ನು ಬೇರೆ ಮಾಡಿ, ಹಾಲು ಕೊಡುವ ಹಸುವಿಗಂತೂ ಹಾಕಬೇಡಿ. ಕೆಲವು ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ. ಯೂರಿಯಾ ಹಾಕಿದ ಮಾತ್ರಕ್ಕೆ ಆಗಲೇ ಕೂತ ವಿಷ ಹೋಯಿತು ಅಂತ ನಂಬೋ ಹಾಗಿಲ್ಲ.

ಈಗ ಕಣಿಕೆ. ಒಣ ಕಣಿಕೆಯಲ್ಲಿ ಪ್ರೋಟೀನ್ ಬಹಳ ಕಡಿಮೆ, ಯೂರಿಯಾದ ನಿಜವಾದ ಉಪಯೋಗ ಇಲ್ಲಿದೆ. ಕತ್ತರಿಸಿದ ಕಣಿಕೆ 100 ಕೆಜಿ, ಯೂರಿಯಾ 4 ಕೆಜಿ, ನೀರು 50ರಿಂದ 60 ಲೀಟರ್. ತೂಕ ಮಾಡಿಯೇ ಹಾಕಿ, ಬೊಗಸೆ ಲೆಕ್ಕ ಬೇಡ. ಯೂರಿಯಾ ನೀರಿನಲ್ಲಿ ಪೂರ್ತಿ ಕರಗಬೇಕು. ಒಂದು ಪದರ ಹರಡಿ, ನೀರು ಚಿಮುಕಿಸಿ, ಚೆನ್ನಾಗಿ ತುಳಿಯಿರಿ, ಮೇಲೆ ಮತ್ತೊಂದು ಪದರ. ಕೊನೆಗೆ ತಾಡಪತ್ರಿ ಹೊದಿಸಿ ಅಂಚಿಗೆಲ್ಲ ಮಣ್ಣು ಹಾಕಿ 21 ದಿನ ಬಿಡಿ. ತೆಗೆದಾಗ ಘಾಟು ಕಣ್ಣಿಗೆ ಹೊಡೆಯುತ್ತದೆ, ಕಣಿಕೆ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ. ಘಾಟೇ ಇಲ್ಲದೆ ಬೂಷ್ಟು ಕಂಡರೆ ಗಾಳಿ ಒಳಗೆ ಹೋಗಿದೆ ಅಂತ ಅರ್ಥ, ಆ ಭಾಗ ಎಸೆಯಿರಿ. ದಿನದ ಮೇವನ್ನು ಮೊದಲೇ ಹೊರಗೆ ಹರಡಿ, ಘಾಟು ಹೋದ ಮೇಲೆ ಹಾಕಿ. ಮೊದಲ ವಾರ ಸಾದಾ ಕಣಿಕೆಯಲ್ಲಿ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸಿ.

ಆರು ತಿಂಗಳೊಳಗಿನ ಕರುವಿಗೆ ಬೇಡ. ಕೋಳಿ, ಹಂದಿ, ಕುದುರೆಗೆ ಬೇಡವೇ ಬೇಡ, ಅವು ಮೆಲುಕು ಹಾಕುವ ಪ್ರಾಣಿಗಳಲ್ಲ. ನಮ್ಮ ಬೀದರ್ ಕಡೆ ಸೋಯಾ ಎಲ್ಲರ ಹೊಲದಲ್ಲೂ ಇದೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ: ಯೂರಿಯಾ ಮೇವಿನ ಜೊತೆ ಹಸಿ ಸೋಯಾ ಕೊಡಬೇಡಿ. ಹುರಿಯದ ಸೋಯಾದಲ್ಲೇ ಆ ಯೂರಿಯೇಸ್ ತುಂಬಿರುತ್ತದೆ, ಉಳಿದ ಯೂರಿಯಾವನ್ನು ಹೊಟ್ಟೆಯಲ್ಲಿ ಗಬಕ್ಕನೆ ಒಡೆಯುತ್ತದೆ. ಯೂರಿಯಾ ಚೀಲ, ಕರಗಿಸಿದ ಬಕೆಟ್ ಎರಡನ್ನೂ ದನಕ್ಕೆ ಎಟುಕದಂತೆ ಇಡಿ.

ದನ ನಡುಗಿದರೆ, ನೊರೆ ಸುರಿಸಿದರೆ, ಹೊಟ್ಟೆ ಉಬ್ಬಿ ತೂರಾಡಿದರೆ ತಡ ಮಾಡಬೇಡಿ. ತಿಂದ ಅರ್ಧ ಗಂಟೆಯೊಳಗೇ ಇದು ಶುರುವಾಗಬಹುದು. ದನಗಳ ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಯೂರಿಯಾ ತಿಂದಿದೆ ಅಂತ ಮೊದಲೇ ಹೇಳಿ. ವಿನೆಗರ್ ಮತ್ತು ತಣ್ಣೀರು ಇದಕ್ಕೆ ಮದ್ದು, ಆದರೆ ಒದ್ದಾಡುವ ದನಕ್ಕೆ ನೀವೇ ಗೊಟ್ಟದಲ್ಲಿ ಹುಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಎಷ್ಟು, ಹೇಗೆ ಅಂತ ಡಾಕ್ಟರನ್ನು ಫೋನಿನಲ್ಲೇ ಕೇಳಿ. ಈ ಮೇವು ಹಾಕುವ ಮನೆಯಲ್ಲಿ ನಾಲ್ಕು ಬಾಟಲಿ ವಿನೆಗರ್ ಮೊದಲೇ ತಂದಿಟ್ಟಿರಿ.