ಥಾಂಪ್ಸನ್ ಬಂದೂಕು: ಮೊದಲು ರಿಸೀವರ್, ಆಮೇಲೆ ಬಿಡಿಭಾಗ

ಪ್ರಶ್ನೆ: ನಾನು ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ಅಮೆರಿಕದ ಪ್ರಜೆ. ಎರಡನೇ ಮಹಾಯುದ್ಧದ ಕಾಲದ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸವಿದೆ. ನ್ಯೂಯಾರ್ಕ್ ರಾಜ್ಯದ ವೆಸ್ಟ್ ಹರ್ಲಿಯಲ್ಲಿ ತಯಾರಾದ, ನೋಂದಣಿಯಿರುವ 1928ರ ಮಾದರಿಯ ಥಾಂಪ್ಸನ್ ಸಬ್‌ಮಷೀನ್ ಗನ್ ಒಂದು ಮಾರಾಟಕ್ಕಿದೆ. ಯುದ್ಧಕಾಲದ ಬಿಡಿಭಾಗಗಳ ಪೆಟ್ಟಿಗೆಯೊಂದನ್ನೂ ಜೊತೆಗೆ ಕೊಡುವುದಾಗಿ ಮಾರುವವರು ಹೇಳಿದ್ದಾರೆ. ಅದರಲ್ಲಿ ಎಂ1ಎ1 ಮಾದರಿಯ ಬೋಲ್ಟ್ (ಬಂದೂಕಿನೊಳಗೆ ಹಿಂದೆ ಮುಂದೆ ಸರಿದು ಗುಂಡನ್ನು ನಳಿಗೆಗೆ ತಳ್ಳುವ ಲೋಹದ ತುಂಡು), ಅದೇ ಮಾದರಿಯ, ಭುಜಕ್ಕೊತ್ತಿ ಹಿಡಿಯುವ ಮರದ ಹಿಂಬದಿ ಸ್ಟಾಕ್ ಮತ್ತು 50 ಗುಂಡು ಹಿಡಿಯುವ ದುಂಡನೆಯ ಡ್ರಮ್ ಇವೆ. ‘ಥಾಂಪ್ಸನ್ ಭಾಗಗಳೆಲ್ಲ ಒಂದಕ್ಕೊಂದು ಕೂರುತ್ತವೆ’ ಎಂಬ ಅವರ ಮಾತನ್ನು ನಂಬಬಹುದೇ?

ಉತ್ತರ: ನಂಬಬೇಡಿ. ಮಾರುವವರು ಪ್ರಾಮಾಣಿಕರೇ ಇರಬಹುದು, ಆದರೆ ಆ ಮಾತು ತಪ್ಪು. ಥಾಂಪ್ಸನ್ ಎಂಬ ಒಂದೇ ಹೆಸರಿನಡಿ ಎರಡು ಕುಟುಂಬಗಳಿವೆ. 1921, 1928 ಮತ್ತು 1928ಎ1 ಮಾದರಿಗಳು ಒಂದು ಕುಟುಂಬ. ಯುದ್ಧದ ನಡುವೆ ತಯಾರಿಕೆಯನ್ನು ಸುಲಭ ಮಾಡಲೆಂದು 1942ರಲ್ಲಿ ಬಂದ ಎಂ1 ಮತ್ತು ಅದರ ಬೆನ್ನಿಗೇ ಬಂದ ಎಂ1ಎ1 ಇನ್ನೊಂದು. ಹೊರಗಿನಿಂದ ಗುರುತಿಸುವುದು ಕಷ್ಟವೇನಲ್ಲ. ಮೊದಲ ಕುಟುಂಬದಲ್ಲಿ ಬೋಲ್ಟನ್ನು ಹಿಂದಕ್ಕೆಳೆಯುವ ಗುಬುಟು ರಿಸೀವರಿನ (ಬೋಲ್ಟ್ ಓಡಾಡುವ, ಬಂದೂಕಿನ ಲೋಹದ ಮುಖ್ಯ ಮೈ) ನೆತ್ತಿಯ ಮೇಲಿರುತ್ತದೆ, ಎರಡನೆಯದರಲ್ಲಿ ಬಲಮಗ್ಗುಲಿಗೆ ಇರುತ್ತದೆ.

ನಿಜವಾದ ಭೇದ ಇರುವುದು ಒಳಗೆ. 1928ರ ಬೋಲ್ಟಿನ ಜೊತೆಗೆ ಇಂಗ್ಲಿಷ್‌ನ ‘ಎಚ್’ ಅಕ್ಷರದ ಆಕಾರದ ಕಂಚಿನ ತುಂಡೊಂದು ಕೆಲಸ ಮಾಡುತ್ತದೆ; ಅದನ್ನು ಬ್ಲಿಷ್ ಲಾಕ್ ಎನ್ನುತ್ತಾರೆ. ಅದರ ಕಿವಿಗಳು ರಿಸೀವರಿನ ಒಳಗೋಡೆಗಳಲ್ಲಿ ಓರೆಯಾಗಿ ಕೊರೆದ ತೋಡುಗಳಲ್ಲಿ ಜಾರುತ್ತವೆ, ಆ ಕಿವಿಗಳಿಗೆ ಎಣ್ಣೆ ತಾಕಿಸಲೆಂದೇ ಒಳಗೆ ಉಣ್ಣೆಯ ಒತ್ತುಬಟ್ಟೆಯ ಎಣ್ಣೆಪಟ್ಟಿ ಇರುತ್ತದೆ. ಎಂ1 ವಿನ್ಯಾಸ ಮಾಡಿದವರು ಈ ಲಾಕನ್ನೂ ತೋಡುಗಳನ್ನೂ ಕೈಬಿಟ್ಟು, ಬೋಲ್ಟಿನ ತೂಕ ಮತ್ತು ಸ್ಪ್ರಿಂಗ್ ಎರಡನ್ನೇ ನೆಚ್ಚಿಕೊಂಡರು. ಆದ್ದರಿಂದ ಪೆಟ್ಟಿಗೆಯಲ್ಲಿರುವ ಎಂ1ಎ1 ಬೋಲ್ಟ್ ತಾವು ನೋಡುತ್ತಿರುವ ಬಂದೂಕಿನದಲ್ಲ. ಅದು ಎಂ1 ಇರುವ ಸಂಗ್ರಾಹಕರಿಗೆ ಉಪಯೋಗಕ್ಕೆ ಬಂದೀತು, ಏಕೆಂದರೆ ಸೈನ್ಯವೇ ಎಷ್ಟೋ ಎಂ1ಗಳಿಗೆ ಎಂ1ಎ1 ಬೋಲ್ಟ್ ಹಾಕಿತ್ತು. ಸ್ಟಾಕಿನದೂ ಇದೇ ಕಥೆ. 1928ರದು ಗುಂಡಿಯೊತ್ತಿ ಕಳಚುವಂಥದ್ದು, ಎಂ1ಎ1ರದು ತಿರುಪುಗಳಿಂದ ಬಿಗಿದದ್ದು. ಡ್ರಮ್ ಮಾತ್ರ ತಮ್ಮ ಮಾದರಿಗೆ ಸೇರಿದ್ದೇ, ಏಕೆಂದರೆ ಅದು ಪಕ್ಕದಿಂದ ಜಾರಿ ಕೂರಲು ಬೇಕಾದ ಸೀಳುಗಳು ಮೊದಲ ಕುಟುಂಬದ ರಿಸೀವರಿನಲ್ಲಿ ಮಾತ್ರ ಇವೆ.

ಇನ್ನು ವೆಸ್ಟ್ ಹರ್ಲಿಯ ವಿಚಾರ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅಲ್ಲಿನ ಬಂದೂಕುಗಳು 1975ರಿಂದ 1986ರವರೆಗೆ ತಯಾರಾದವು, ಯುದ್ಧಕ್ಕೆ ಹೋದವುಗಳಲ್ಲ. ಇವುಗಳ ಅಳತೆಗಳು ಯುದ್ಧಕಾಲದ ಅಳತೆಗಳೊಡನೆ ಎಲ್ಲೆಡೆ ತಾಳೆಯಾಗುವುದಿಲ್ಲ ಎಂಬುದು ಸಂಗ್ರಾಹಕರ ವಲಯದಲ್ಲಿ ಹಳೆಯ ದೂರು. ಒಂದೇ ಮಾದರಿಯ ಹೆಸರಿದ್ದರೂ ಯುದ್ಧಕಾಲದ ಭಾಗ ತಂದೊಡನೆ ಸರಾಗವಾಗಿ ಕೂರುತ್ತದೆಂದು ಎಣಿಸುವಂತಿಲ್ಲ. ಥಾಂಪ್ಸನ್ ಬಲ್ಲ ಗನ್‌ಸ್ಮಿತ್ (ಬಂದೂಕು ರಿಪೇರಿಗಾರ) ಒಬ್ಬರನ್ನು ಜೊತೆಗೆ ಕರೆದೊಯ್ದು, ಖಾಲಿ ಬಂದೂಕಿನ ಟ್ರಿಗರ್ ಫ್ರೇಮನ್ನು (ಟ್ರಿಗರ್ ಇರುವ ಕೆಳಭಾಗ) ಬಿಚ್ಚಿಸಿ, ದೀಪ ಹಿಡಿದು ಒಳಗೆ ನೋಡಿ. ಎರಡು ಬದಿಯ ತೋಡುಗಳ ಅಂಚು ಚೂಪಾಗಿ ಒಂದೇ ಸಮನಾಗಿವೆಯೇ, ಒಂದು ಬದಿ ಮಾತ್ರ ತೇಯ್ದು ಹೊಳೆಯುತ್ತಿದೆಯೇ, ಬೋಲ್ಟ್ ಬಡಿದೂ ಬಡಿದೂ ಹಿಂಗೋಡೆ ಉಬ್ಬಿದೆಯೇ ಎಂಬುದು ಬರಿಗಣ್ಣಿಗೇ ಕಾಣುತ್ತದೆ. ಬ್ಲಿಷ್ ಲಾಕ್ ತಿರುಗುಮುರುಗಾಗಿ ಕೂತಿಲ್ಲವೆಂಬುದನ್ನೂ ಆಗಲೇ ನೋಡಿಸಿಬಿಡಿ, ಬಿಚ್ಚಿ ಜೋಡಿಸುವವರು ಮೇಲಿಂದ ಮೇಲೆ ಮಾಡುವ ತಪ್ಪು ಅದು.

ರಿಸೀವರಿನ ಮೇಲೆ ನಾನು ಇಷ್ಟು ಒತ್ತು ಕೊಡಲು ಕಾರಣ ಕಾನೂನು. ಅಮೆರಿಕದಲ್ಲಿ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯ ಪ್ರಕಾರ ನೋಂದಣಿಯಾಗಿರುವುದು ಆ ರಿಸೀವರ್ ಮತ್ತು ಅದರ ಮೇಲಿನ ಸಂಖ್ಯೆ. 1986ರ ಮೇ 19ರ ನಂತರ ತಯಾರಾದ ಮಷೀನ್ ಗನ್ನುಗಳನ್ನು ಖಾಸಗಿ ವ್ಯಕ್ತಿಗಳು ಹೊಂದುವಂತಿಲ್ಲವಾದ್ದರಿಂದ, ಇರುವ ಸಂಖ್ಯೆ ಬೆಳೆಯುವುದಿಲ್ಲ, ಬೆಲೆ ಮಾತ್ರ ಹತ್ತಾರು ಸಾವಿರ ಡಾಲರುಗಳಿಗೆ ಏರಿದೆ. ಬೋಲ್ಟ್ ಸವೆದರೆ ಇನ್ನೊಂದು ತರಬಹುದು, ಸ್ಪ್ರಿಂಗ್ ಸೋತರೆ ಬದಲಿಸಬಹುದು. ರಿಸೀವರ್ ಹಾಳಾದರೆ ರಿಪೇರಿ ಮಾಡಿಸಬಹುದೇ ಹೊರತು ಅದರ ಜಾಗಕ್ಕೆ ಹೊಸದನ್ನು ತಂದು ಹಳೆಯ ಸಂಖ್ಯೆ ಹಾಕಿಸುವಂತಿಲ್ಲ. ಕೂರದ ಭಾಗವೊಂದನ್ನು ಕೂರಿಸಬೇಕಾದಾಗ ಅರವನ್ನು ಭಾಗದ ಮೇಲೆ ಆಡಿಸಬೇಕು, ರಿಸೀವರಿನ ಮೇಲೆ ಎಂದಿಗೂ ಆಡಿಸಬಾರದು.

ಹಣ ಕೊಡುವ ಮುನ್ನ ಮಾರುವವರ ಬಳಿ ಇರುವ, ಎಟಿಎಫ್ (ಬಂದೂಕು ನೋಂದಣಿ ನೋಡಿಕೊಳ್ಳುವ ಅಮೆರಿಕದ ಕೇಂದ್ರ ಇಲಾಖೆ) ಒಪ್ಪಿಗೆಯಿರುವ ನೋಂದಣಿ ಪತ್ರವನ್ನು ಕೇಳಿ, ಅದರಲ್ಲಿರುವ ಮಾದರಿ, ತಯಾರಕರ ಹೆಸರು, ಸಂಖ್ಯೆಗಳನ್ನು ಬಂದೂಕಿನ ಮೇಲಿನ ಅಕ್ಷರಗಳೊಡನೆ ಒಂದೊಂದಾಗಿ ಹೋಲಿಸಿ. ವರ್ಗಾವಣೆಗೆ ಫಾರ್ಮ್ 4 ಸಲ್ಲಿಸಿ, ಬೆರಳಚ್ಚು ಮತ್ತು ಭಾವಚಿತ್ರ ಕೊಟ್ಟು, 200 ಡಾಲರ್ ತೆರಿಗೆ ಕಟ್ಟಬೇಕು. 2026ರ ಜನವರಿಯಿಂದ ಸೈಲೆನ್ಸರ್ ಮುಂತಾದವುಗಳ ತೆರಿಗೆ ಹೋಗಿದ್ದರೂ ಮಷೀನ್ ಗನ್ನಿಗೆ ಆ ವಿನಾಯಿತಿ ಇಲ್ಲ. ಒಪ್ಪಿಗೆ ಬರುವವರೆಗೆ ಬಂದೂಕು ತಮ್ಮ ಕೈಗೆ ಬರುವಂತಿಲ್ಲ. ಮಾರುವವರು ಬೇರೆ ರಾಜ್ಯದವರಾದರೆ ಸಾಮಾನ್ಯವಾಗಿ ಪೆನ್ಸಿಲ್ವೇನಿಯಾದ ಪರವಾನಗಿಯುಳ್ಳ ವ್ಯಾಪಾರಿಯ ಮೂಲಕವೇ ವ್ಯವಹಾರ ನಡೆಯಬೇಕು. ಪೆಟ್ಟಿಗೆಯ ಬೆಲೆಯನ್ನು ಬಂದೂಕಿನ ಬೆಲೆಯಿಂದ ಬೇರ್ಪಡಿಸಿ ಚೌಕಾಸಿ ಮಾಡಿ. ತಮಗೆ ಕೂರದ ಬೋಲ್ಟಿಗೂ ಸ್ಟಾಕಿಗೂ ತಾವೇಕೆ ಹಣ ಕೊಡಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ನೋಂದಣಿಯಿರುವ 1928ಎ1 ಇದೆ. ರಿಸೀವರಿನ ಸಂಖ್ಯೆ ಮತ್ತು ಟ್ರಿಗರ್ ಫ್ರೇಮಿನ ಸಂಖ್ಯೆ ಬೇರೆ ಬೇರೆ ಇವೆ. ಯಾರೋ ಮೋಸ ಮಾಡಿದ್ದಾರೆಯೇ?

ಉತ್ತರ: ಹಾಗೆಂದು ಶಂಕಿಸಬೇಕಿಲ್ಲ. ಯುದ್ಧದ ಸಮಯದಲ್ಲಿ ಸೈನ್ಯದ ಕಾರ್ಯಾಗಾರಗಳಲ್ಲಿ ರಾಶಿಗಟ್ಟಲೆ ಬಂದೂಕುಗಳನ್ನು ಬಿಚ್ಚಿ ಸರಿಪಡಿಸುವಾಗ ಸಂಖ್ಯೆ ನೋಡಿ ಜೋಡಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಯೂಟಿಕಾ ಪಟ್ಟಣದ ಸ್ಯಾವೇಜ್ ಕಂಪನಿಯ ರಿಸೀವರಿಗೆ ಬ್ರಿಡ್ಜ್‌ಪೋರ್ಟಿನ ಆಟೋ ಆರ್ಡ್ನೆನ್ಸ್ ಕಂಪನಿಯ ಫ್ರೇಮ್ ಸೇರಿಕೊಂಡಿರುವುದು ಅಪರೂಪವಲ್ಲ. ಎರಡೂ ಒಂದೇ ಸಂಖ್ಯೆಯವಾಗಿದ್ದರೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ ಎಂಬುದು ನಿಜ, ಅದರಲ್ಲೂ 1921–22ರಲ್ಲಿ ಕೋಲ್ಟ್ ಕಂಪನಿ ತಯಾರಿಸಿದ 15,000 ಬಂದೂಕುಗಳ ವಿಷಯದಲ್ಲಿ. ನಿಮ್ಮದರಲ್ಲಿ ನೋಂದಣಿ ಪತ್ರದ ಸಂಖ್ಯೆ ರಿಸೀವರಿನ ಸಂಖ್ಯೆಯೊಡನೆ ಹೊಂದಿದ್ದರೆ ಸಾಕು. ಸಂಖ್ಯೆ ಹೊಂದಿಸುವ ಆಸೆಯಿಂದ ಫ್ರೇಮಿನ ಅಂಕಿಯನ್ನು ಉಜ್ಜಿ ಹೊಸದು ಹೊಡೆಸಲು ಮಾತ್ರ ಹೋಗಬೇಡಿ.